ಹೆಣ ಕೇಳಲು ಬಂದವಳು

ಆ ಊರಿನಲ್ಲಿ ಯಾವ ವಸ್ತುವೂ ಹಳೆಯದಾಗುತ್ತಿರಲಿಲ್ಲ. ಹಳೆಯದಾಗುವ ಮೊದಲೇ ಸಾಯುತ್ತಿತ್ತು. ತಾನಾಗಿ ಸಾಯುತ್ತಿತ್ತು ಅಂತಲ್ಲ. ಸತ್ತಿತು ಎಂದು ಸಾರುತ್ತಿದ್ದರು, ಅದಕ್ಕೇ ಸಾಯುತ್ತಿತ್ತು.

ವರ್ಷದ ಮೊದಲ ದಿನ ಸಾರುವವನು ಚೌಕದ ಕಲ್ಲು ಹತ್ತಿ ನಿಲ್ಲುತ್ತಿದ್ದ. ತಲೆಗೆ ಬಿಳಿ ರುಮಾಲು, ಹೆಗಲಿಗೆ ಶಾಲು, ಕೈಯಲ್ಲಿ ಕೋಲು, ಪಕ್ಕದಲ್ಲಿ ನಗಾರಿ. ನಗಾರಿಗೆ ಮೂರು ಏಟು. 'ಇಂಥದು ಸತ್ತಿತು. ಅದರ ಜಾಗದಲ್ಲಿ ಇಂಥದು ಹುಟ್ಟಿತು.' ಮತ್ತೆ ಮೂರು ಏಟು. ಜನ ತಲೆಬಾಗಿ ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ಆ ಸತ್ತ ವಸ್ತು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತಿತ್ತು. ಅದರ ಮೇಲೊಂದು ಬಟ್ಟೆ ಹೊದಿಸುತ್ತಿದ್ದರು.

ಸಾವಿಗೆ ಒಂಬತ್ತು ದಿನದ ಗಡುವಿತ್ತು. ಅವನ್ನು ಕೇಳಿಕೆಯ ದಿನಗಳು ಎನ್ನುತ್ತಿದ್ದರು. ಸತ್ತದ್ದು ಯಾರಿಗಾದರೂ ಇನ್ನೂ ಬೇಕಿದ್ದರೆ ಅವರು ಚೌಕದ ಕಲ್ಲಿನ ಮುಂದೆ ನಿಂತು, ನಾಲ್ಕು ಜನರ ಕಿವಿಗೆ ಬೀಳುವ ಹಾಗೆ, 'ನನ್ನ ಹತ್ತಿರ ಅದು ಇದೆ, ನನಗೆ ಅದು ಬೇಕು' ಎನ್ನಬೇಕು. ಒಂದೇ ಒಂದು ಬಾಯಿ ಹೀಗೆ ಹೇಳಿದರೂ ಆ ವರ್ಷದ ಸಾವು ರದ್ದು. ಯಾರೂ ಹೇಳದಿದ್ದರೆ, ಒಂಬತ್ತನೆಯ ದಿನ ಹೊತ್ತು ಮುಳುಗುವ ಗಂಟೆ ಬಡಿದ ಕೂಡಲೆ, ಅದನ್ನು ಮಾಡುವವರು ತಮ್ಮ ಅಚ್ಚನ್ನು ಹೊತ್ತು ತಂದು ಅದೇ ಕಲ್ಲಿನ ಮೇಲೆ ತಮ್ಮ ಕೈಯಿಂದಲೇ ಒಡೆಯಬೇಕು. ಒಡೆಯದವರಿಗೆ ಊರಿನಲ್ಲಿ ನೀರಿಲ್ಲ, ಬೆಂಕಿಯಿಲ್ಲ.

ಯಾರೂ ಹೇಳಿದ್ದಿಲ್ಲ. ಹೇಳಿದವರಿಗೆ ಜೈಲೂ ಇರಲಿಲ್ಲ, ಚಾಟಿಯೂ ಇರಲಿಲ್ಲ. ಹೆಣ ಇಟ್ಟುಕೊಂಡು ಬಾಳುವವರು ಎಂದು ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಅಷ್ಟೆ. ಒಂದು ಊರನ್ನು ಆಳುವುದಕ್ಕೆ ಅಷ್ಟು ಸಾಕಾಗಿತ್ತು.

ಊರಿನ ತೆಂಕಣ ತುದಿಯಲ್ಲಿ, ಕುಲುಮೆಯ ಪಕ್ಕದ ಮನೆಯಲ್ಲಿ, ಅಚ್ಚಿನವಳು ಇದ್ದಳು. ಅವಳು ಗಣಕದ ಬಿಲ್ಲೆ ಮಾಡುತ್ತಿದ್ದಳು. ಮರಳನ್ನು ಕರಗಿಸಿ, ಗಟ್ಟಿಯಾದದ್ದನ್ನು ಹಪ್ಪಳದ ಹಾಗೆ ತೆಳ್ಳಗೆ ಕೊಯ್ದು, ಗಾಜಿನ ಅಚ್ಚಿನ ಮೂಲಕ ಬೆಳಕು ಹಾಯಿಸಿ, ಕೂದಲಿಗಿಂತ ಸಣ್ಣ ಗೆರೆಗಳನ್ನು ಅದರ ಮೇಲೆ ಮೂಡಿಸುತ್ತಿದ್ದಳು. ಆಮೇಲೆ ಕರಿಯ ಕವಚ. ಆಚೆ ಇಪ್ಪತ್ತು, ಈಚೆ ಇಪ್ಪತ್ತು ತವರದ ಕಾಲು. ಹೆಬ್ಬೆರಳಿಗಿಂತ ತುಸು ಉದ್ದ. ಅಂಗೈ ಮೇಲಿಟ್ಟರೆ ಒಣಗಿದ ಸಹಸ್ರಪದಿಯ ಹಾಗೆ ಕಾಣುತ್ತಿತ್ತು.

ಆ ಬಿಲ್ಲೆಗೆ ಹೆಚ್ಚಿನದೇನೂ ಬರುತ್ತಿರಲಿಲ್ಲ. ಎಣಿಸಲು ಬರುತ್ತಿತ್ತು. ಎರಡರಲ್ಲಿ ಯಾವುದು ದೊಡ್ಡದು ಎಂದು ನೋಡಲು ಬರುತ್ತಿತ್ತು. ಕಾಯಲು ಬರುತ್ತಿತ್ತು. ಕೆರೆಯ ತೂಬು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು, ದಾರಿಯ ಕೆಂಪು ದೀಪ ಎಷ್ಟು ಹೊತ್ತು ಉರಿಯಬೇಕು, ಇಂಥ ಕೆಲಸಕ್ಕೆ ಅಷ್ಟೇ ಸಾಕು. ನಲವತ್ತೆಂಟು ವರ್ಷದಿಂದ ಅವಳು ಅದೇ ಬಿಲ್ಲೆಯನ್ನು ಅದೇ ಅಚ್ಚಿನಲ್ಲಿ ಮಾಡುತ್ತಿದ್ದಳು. ಅವಳ ಕೂದಲು ಬೆಳ್ಳಗಾಗಿತ್ತು, ಎರಡು ದವಡೆಹಲ್ಲು ಹೋಗಿದ್ದವು, ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಬಿಲ್ಲೆಯಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ತಪ್ಪಿಲ್ಲದ್ದನ್ನು ಯಾಕೆ ತಿದ್ದಬೇಕು ಎಂದು ಅವಳು ಕೇಳುತ್ತಿದ್ದಳು.

ಅವಳ ಮನೆಗೆ ಮುಂದೆ ಬಾಗಿಲಿತ್ತು, ಹಿಂದೆ ಒಂದು ಕಿಟಕಿ. ಮುಂದಿನ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಬಿಲ್ಲೆಯ ಸಾವನ್ನು ಇನ್ನೂ ಸಾರಿರದಿದ್ದರೂ, ನಲವತ್ತೆಂಟು ವರ್ಷದ ವಸ್ತುವನ್ನು ಬೇಕು ಎನ್ನಲು ಎಲ್ಲರಿಗೂ ನಾಚಿಕೆ. ಹಿಂದಿನ ಕಿಟಕಿಯಲ್ಲಿ ಕೈಗಳು ಬರುತ್ತಿದ್ದವು. ಮುಖವಿಲ್ಲ, ಮಾತಿಲ್ಲ, ಒಂದು ಕೈ ಒಳಗೆ ಬರುತ್ತಿತ್ತು, ಅಂಗೈ ಮೇಲಾಗಿ. ಅವಳು ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ಕೈ ಮುಚ್ಚಿಕೊಂಡು ಹೋಗುತ್ತಿತ್ತು. ಮುಖಗಳು ಅವಳಿಗೆ ತಿಳಿಯದಿದ್ದರೂ ಕೈಗಳು ತಿಳಿದಿದ್ದವು. ಸದಾ ಒದ್ದೆಯಾಗಿ ಉಗುರಿನ ಸಂದಿಯಲ್ಲಿ ಪಾಚಿ ಹಿಡಿದ ಕೈ ನೀರುಗಂಟಿಯದು. ಸಾಬೂನಿಗೆ ಬಿರಿದು ಔಷಧಿಯ ವಾಸನೆ ಬರುವ ಕೈ ಆಸ್ಪತ್ರೆಯ ದಾದಿಯದು. ಇನ್ನೊಂದು ಕೈ ವರ್ಷಕ್ಕೊಮ್ಮೆ ಬರುತ್ತಿತ್ತು. ಮೆತ್ತನೆಯ ಕೈ, ಹೆಬ್ಬೆರಳಿನ ಬುಡದಲ್ಲಿ ಮಾತ್ರ ಹುಣಸೆಬೀಜದಷ್ಟು ಗಟ್ಟಿ ಜಡ್ಡು. ಅದು ಯಾರದೆಂದು ಅವಳಿಗೆ ಹೊಳೆದಿರಲಿಲ್ಲ.

ಆ ವರ್ಷದ ಮೊದಲ ದಿನ ಸಾರುವವನು ಕಲ್ಲು ಹತ್ತಿದ. ಮೂರು ಏಟು. 'ನಲವತ್ತು ಕಾಲಿನ ಬಿಲ್ಲೆ ಸತ್ತಿತು. ಅದರ ಜಾಗದಲ್ಲಿ ಸಾವಿರ ಕಾಲಿನ ಬಿಲ್ಲೆ ಹುಟ್ಟಿತು.' ಮೂರು ಏಟು.

ಅಚ್ಚಿನವಳು ಅವನ ಮುಖ ನೋಡಲಿಲ್ಲ, ಕೋಲು ಹಿಡಿದ ಕೈ ನೋಡಿದಳು. ಕೋಲು ಒತ್ತುತ್ತಿದ್ದದ್ದು ಹೆಬ್ಬೆರಳಿನ ಬುಡಕ್ಕೆ. ಮನೆಗೆ ಬಂದಳು.

ಅಂದಿನಿಂದ ಹಿಂದಿನ ಕಿಟಕಿಗೆ ಬಿಡುವಿಲ್ಲದಾಯಿತು. ವರ್ಷಕ್ಕೊಮ್ಮೆ ಬರುತ್ತಿದ್ದ ಕೈಗಳು ದಿನಕ್ಕೆರಡು ಸಲ ಬಂದವು. ಮಾತೇ ಆಡದಿದ್ದ ಕೈಗಳ ಹಿಂದಿನಿಂದ ಈಗ ಪಿಸುಮಾತು ಬಂತು. 'ಹತ್ತು ಕೊಡವ್ವ.' 'ನನಗೆ ಇಪ್ಪತ್ತು.' 'ನಮಗಲ್ಲ, ನೆಂಟರಿಗೆ.' ಬೇಕಾದವರೂ ಒಯ್ದರು, ಮುಂದೆ ಬೇಕಾದೀತು ಅನ್ನುವವರೂ ಒಯ್ದರು, ಇನ್ನೊಬ್ಬರು ಒಯ್ದರಲ್ಲ ಎಂದು ಹೊಟ್ಟೆ ಉರಿದವರೂ ಒಯ್ದರು. ಕುಲುಮೆ ಐದು ದಿನ ಆರಲಿಲ್ಲ. ಅಚ್ಚಿನವಳು ಕೊಟ್ಟಳು, ಕೊಟ್ಟಳು, ಕೊಟ್ಟಳು. ಇಷ್ಟು ಕೈಗಳಿರುವಾಗ ಒಂದು ಬಾಯಿ ಇರಲಾರದೇ ಎಂದುಕೊಂಡಳು. ಪ್ರತಿ ಸಂಜೆ ಚೌಕಕ್ಕೆ ಹೋಗಿ ನೋಡಿದಳು. ಕಲ್ಲಿನ ಮುಂದೆ ಒಂದು ನಾಯಿ ಮಲಗಿರುತ್ತಿತ್ತು.

ಐದನೆಯ ದಿನ ಮುಂದಿನ ಬಾಗಿಲು ತಟ್ಟಿದ ಸದ್ದಾಯಿತು. ಎಷ್ಟು ಅಪರೂಪವೆಂದರೆ ಅವಳು ಮೊದಲು ಹಿಂದಕ್ಕೆ ಹೋಗಿ ನೋಡಿದಳು. ಬಂದಿದ್ದವನು ತಕ್ಕಡಿಯವನು. ಎರಡು ವರ್ಷದ ಕೆಳಗೆ ಅವನ ತಕ್ಕಡಿ ಸತ್ತಿತ್ತು. ಅಚ್ಚು ಒಡೆದು, ಈಗ, ಹೊಸದಾಗಿ ಹುಟ್ಟಿದ್ದನ್ನೆಲ್ಲ ತಂದಿಡುವ ಹೊಸದರ ಮಂದಿರದಲ್ಲಿ ಕಸ ಗುಡಿಸುತ್ತಿದ್ದ. ಅಲ್ಲಿಂದೀಚೆಗೆ ಊರಿನಲ್ಲಿ ಅಕ್ಕಿಯನ್ನು ಕಣ್ಣಳತೆಯಲ್ಲಿ ಮಾರುತ್ತಿದ್ದರು. ದಿನಾ ಜಗಳ.

'ಏನಕ್ಕ, ಒಡೀತೀಯ?' ಎಂದು ಕೇಳಿದ, ಹೊಸ್ತಿಲಲ್ಲೇ ಕೂತು.

'ಯಾರಾದರೂ ಕೇಳ್ತಾರೆ ಅಂತ ನೋಡ್ತಿದ್ದೀನಿ.'

'ನಾನೂ ನೋಡ್ದೆ. ನನ್ನ ಹಿತ್ತಲಲ್ಲಿ ಸಂತೆ ಸೇರಿತ್ತು. ಅವತ್ತು ತಕ್ಕಡಿ ಹೊತ್ತುಕೊಂಡು ಹೋದವರೆಲ್ಲ ಒಂಬತ್ತನೇ ದಿನ ಚೌಕಕ್ಕೆ ಬಂದಿದ್ದರು. ನಾನು ಒಡೆಯೋದು ನೋಡೋದಕ್ಕೆ.'

'ಆ ತಕ್ಕಡಿಗಳೆಲ್ಲ ಎಲ್ಲಿ ಹೋದವು?'

'ಮುಳ್ಳು ಸವೆದವು. ಸವೆದ ಮುಳ್ಳಿಗೆ ಹೊಸದು ಹಾಕೋಕೆ ಅಚ್ಚಿಲ್ಲ.' ಅವನು ತನ್ನ ಅಂಗೈ ತಿರುಗಿಸಿ ನೋಡಿಕೊಂಡ. 'ಸಾರಿದವನ ಮೇಲೆ ನನಗೆ ಸಿಟ್ಟಿಲ್ಲ ಅಕ್ಕ. ಅವನು ಬಾಯಿ ಆಡಿಸಿದ. ಜನದ ಮೇಲೂ ಇಲ್ಲ. ಒಡೆದ ಕೈ ನಂದು. ರಾತ್ರಿ ಊಟಕ್ಕೆ ಕೂತರೆ ಅದೇ ಕೈಯಲ್ಲಿ ಉಣ್ಣಬೇಕು.'

'ನಿನಗೆ ಸಿಟ್ಟಿಲ್ಲ ಅಂದರೆ ನಿನ್ನ ಪಾಲಿಂದೂ ನಾನೇ ಸಿಟ್ಟಾಗ್ತೀನಿ,' ಎಂದಳು ಅಚ್ಚಿನವಳು. 'ಏಳು. ಬಿದಿರು ಸೀಳೋಕೆ ಬರುತ್ತಾ?'

ಒಳಗೆ ಹಿಂದಿನ ಕಿಟಕಿಯಲ್ಲಿ ಮೂರು ಕೈಗಳು ಚಾಚಿಕೊಂಡು ಕಾಯುತ್ತಿದ್ದವು. ಅವಳು ಹೋಗಿ ಕಿಟಕಿಯ ಬಾಗಿಲು ಎಳೆದಳು. ಕೈಗಳು ಗಾಬರಿಯಿಂದ ಹೊರಗೆ ಸರಿದವು. ಅಗಳಿ ಹಾಕಿದಳು.

ಆರನೆಯ ದಿನ ಬೆಳಗ್ಗೆ ಊರಿನವರು ಹಿಂದೆಂದೂ ಕಾಣದ ಶವಯಾತ್ರೆಯೊಂದನ್ನು ಕಂಡರು. ಮುಂದೆ ತಕ್ಕಡಿಯವನು ತಮಟೆ ಬಡಿಯುತ್ತಿದ್ದ. ಹಿಂದೆ ಅಚ್ಚಿನವಳು, ಒಂದು ಕೈಯಲ್ಲಿ ಬೆಂಕಿಯ ಮಡಕೆ, ಇನ್ನೊಂದು ಕೈಯಲ್ಲಿ ಚಟ್ಟ. ಹಸಿ ಬಿದಿರಿನ ಚಟ್ಟ, ಅಡ್ಡಪಟ್ಟಿ, ಹಗ್ಗ, ಮೇಲೆ ಹೂವು, ಎಲ್ಲ ಸರಿಯಾಗಿತ್ತು. ಉದ್ದ ಮಾತ್ರ ಒಂದು ಗೇಣು. ಮಡಿಲಲ್ಲಿ ಮಂಡಕ್ಕಿ ಕಟ್ಟಿಕೊಂಡಿದ್ದಳು. ಹತ್ತು ಹೆಜ್ಜೆಗೊಮ್ಮೆ ಚಟ್ಟವನ್ನು ಕಂಕುಳಿಗೆ ಸಿಕ್ಕಿಸಿ ಎರಚುತ್ತಿದ್ದಳು.

ಮೊದಲು ಕೆರೆಯ ಏರಿಗೆ ಹೋದಳು. ತೂಬಿನ ಮನೆಯ ಮುಂದೆ ನೀರುಗಂಟಿ ಬೀಡಿ ಸೇದುತ್ತ ಕೂತಿದ್ದ. ಅವಳಿಗಿಂತ ಐದಾರು ವರ್ಷ ಹಿರಿಯ.

'ಸಾವು ಸಾರಿದ್ದಾರೆ,' ಎಂದಳು ಅಚ್ಚಿನವಳು. 'ಹೆಣ ಕೇಳಲು ಬಂದಿದ್ದೇನೆ.'

'ಯಾವ ಹೆಣ ತಂಗ್ಯವ್ವ?'

'ನಲವತ್ತು ಕಾಲಿಂದು. ಸತ್ತದ್ದನ್ನ ಮನೇಲಿ ಇಟ್ಟುಕೊಳ್ಳಬಾರದು. ಕೊಟ್ಟುಬಿಡು, ಮಣ್ಣು ಮಾಡ್ತೀನಿ.'

'ಇಲ್ಲಿ ಅಂಥಾದ್ದು ಯಾವುದೂ ಇಲ್ಲ.' ನೀರುಗಂಟಿ ಎದ್ದು ತೂಬಿನ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. 'ನಮ್ಮದು ಹೊಸದು.'

'ಹಾಗಿದ್ದರೆ ಸರಿ ಬಿಡು. ಒಂದು ಸಲ ಒಳಗೆ ನೋಡಿ ಹೋಗ್ತೀನಿ.'

'ಒಳಗೆ ಹಾವಿದೆ.'

'ಎಷ್ಟು ಕಾಲಿನ ಹಾವು?'

ತಕ್ಕಡಿಯವನು ತಮಟೆಯ ಹಿಂದೆ ಮುಖ ಮುಚ್ಚಿಕೊಂಡ. ನೀರುಗಂಟಿಯ ಬೀಡಿ ಆರಿತ್ತು. ಅವನು ತಗ್ಗಿದ ದನಿಯಲ್ಲಿ ಅಂದ: 'ಅದನ್ನ ಕಿತ್ತರೆ ತೂಬು ಮುಚ್ಚೋದಿಲ್ಲ ತಂಗ್ಯವ್ವ. ಕೆಳಗಿನ ಕೇರಿಗೆಲ್ಲ ನೀರು ನುಗ್ಗುತ್ತೆ. ನಿನಗೆ ಗೊತ್ತಿಲ್ಲದ್ದೇನು.'

'ಗೊತ್ತು. ಇದನ್ನೇ ಚೌಕದಲ್ಲಿ ಹೇಳು.'

'ಅಲ್ಲಿ ಹೇಗೆ ಹೇಳಲಿ. ಮಗಳನ್ನ ನೋಡೋಕೆ ಬರೋರಿದ್ದಾರೆ.'

ಅಚ್ಚಿನವಳು ಬಾಗಿಲಿಗೆ ಒಂದು ಹಿಡಿ ಮಂಡಕ್ಕಿ ಎರಚಿ ಮುಂದೆ ಹೋದಳು.

ಆರನೆಯ ದಿನ, ಏಳನೆಯ ದಿನ ಅವಳು ಊರೆಲ್ಲ ತಿರುಗಿದಳು. ಕೆಂಪು ದೀಪದ ಕಂಬಕ್ಕೆ ಹೋದಳು. ಮಹಡಿಗೆ ಜನರನ್ನು ಏರಿಸುವ ಪೆಟ್ಟಿಗೆಗೆ ಹೋದಳು. ಹಿಟ್ಟಿನ ಗಿರಣಿಗೆ, ಹಾಲು ಕಾಯಿಸುವ ಹಂಡೆಗೆ, ಕೋಟೆಯ ಬಾಗಿಲಿಗೆ ಹೋದಳು. ಸಾವು ಸಾರಿದ್ದಾರೆ. ಹೆಣ ಕೇಳಲು ಬಂದಿದ್ದೇನೆ. ಎಲ್ಲರೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಇಲ್ಲಿ ಅಂಥಾದ್ದು ಇಲ್ಲ. ನಮ್ಮದು ಹೊಸದು. ಅವರ ಬೆನ್ನ ಹಿಂದೆ ಆ ಸತ್ತ ಬಿಲ್ಲೆ ಎಣಿಸುತ್ತಿತ್ತು, ನೋಡುತ್ತಿತ್ತು, ಕಾಯುತ್ತಿತ್ತು. ಚಟ್ಟ ಖಾಲಿಯಾಗಿಯೇ ಉಳಿಯಿತು. ಹೂವು ಬಾಡಿದರೆ ಅವಳು ಹೊಸ ಹೂವು ಹಾಕಿದಳು.

ಎಂಟನೆಯ ದಿನ ಆಸ್ಪತ್ರೆಗೆ ಹೋದಳು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಪೆಟ್ಟಿಗೆ ಅವುಗಳ ಬದಲಿಗೆ ಉಸಿರಾಡುತ್ತಿತ್ತು. ದಾದಿ ಬಾಗಿಲಲ್ಲಿ ಸಿಕ್ಕಳು. ಆಕೆ ಬೆನ್ನು ಕೊಡಲಿಲ್ಲ. ತಮಟೆಯನ್ನು ಒಂದು ಕೈಯಿಂದ ಒತ್ತಿ ಹಿಡಿದಳು, ಸದ್ದು ನಿಂತಿತು.

'ಕೂಸು ಮಲಗಿದೆ,' ಎಂದಳು.

'ಸಾವು ಸಾರಿದ್ದಾರೆ,' ಎಂದಳು ಅಚ್ಚಿನವಳು.

'ಗೊತ್ತು ಅಕ್ಕ. ಒಳಗೆ ಬನ್ನಿ.'

ಗಾಜಿನ ಪೆಟ್ಟಿಗೆಯಲ್ಲಿ ಅಂಗೈ ಅಗಲದ ಕೂಸು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಕರಿಯ ಬಿಲ್ಲೆ. ಅದರ ಬೆನ್ನ ಮೇಲೆ ಅಚ್ಚಿನವಳು ತಾನೇ ಗೀರಿದ ವರ್ಷದ ಗುರುತು.

'ನನ್ನ ಹತ್ತಿರ ಇದು ಬಿಟ್ಟರೆ ಇನ್ನೊಂದಿಲ್ಲ,' ಎಂದಳು ದಾದಿ. 'ಕಿಟಕಿಗೆ ನಿನ್ನೆ ಬಂದೆ. ಮುಚ್ಚಿದ್ರಿ. ಮೊದಲ ಐದು ದಿನ ನನಗೆ ಇಲ್ಲಿಂದ ಏಳೋಕೆ ಆಗಲಿಲ್ಲ. ಬೇಡದವರಿಗೆಲ್ಲ ಇಪ್ಪತ್ತಿಪ್ಪತ್ತು ಕೊಟ್ರಂತೆ. ನನಗೊಂದು ಇಟ್ಟಿರಬಾರದಾಗಿತ್ತಾ?'

ಅಚ್ಚಿನವಳಿಗೆ ಆ ಮಾತು ಎದೆಗೆ ನಾಟಿತು. ಅವಳು ಬೇಕಿದ್ದವರಿಗೆ ಕೊಟ್ಟಿರಲಿಲ್ಲ, ಕೈ ಚಾಚಿದವರಿಗೆ ಕೊಟ್ಟಿದ್ದಳು. ಮನೆಯಲ್ಲಿ ಈಗ ಒಂದೂ ಉಳಿದಿರಲಿಲ್ಲ, ಕುಲುಮೆಯೂ ಆರಿತ್ತು.

'ತಪ್ಪಾಯ್ತು,' ಎಂದಳು. 'ಆದರೆ ಒಂದು ಕೊಟ್ಟಿದ್ದರೆ ಒಂದು ಸಲ ಉಳೀತೀಯ. ಅದು ಹೋದ ಮೇಲೆ? ಅಚ್ಚು ಇದ್ದರೆ ನಾನು ಸಾಯೋವರೆಗೂ ಕೊಡ್ತೀನಿ. ನಾನು ಸತ್ತ ಮೇಲೆ ಇನ್ನೊಬ್ಬಳು ಕೊಡ್ತಾಳೆ. ನಾಳೆ ಚೌಕಕ್ಕೆ ಬಾ.'

'ಬಂದು ಹೇಳಿದರೆ ಕೂಸುಗಳನ್ನ ಹೆಣದ ಪೆಟ್ಟಿಗೇಲಿ ಇಟ್ಟಿದ್ದಾಳೆ ಅಂತಾರೆ. ತಾಯಂದಿರು ಯಾರೂ ಬರೋದಿಲ್ಲ. ಬರದಿದ್ದರೆ ಕೂಸು ಉಳಿಯಲ್ಲ.'

'ಈ ಕೂಸಿನ ತಾಯಿ ಏನಂತಾಳೆ?'

ಮೂಲೆಯಲ್ಲಿ ಗೋಡೆಗೊರಗಿ ಒಬ್ಬ ಬಾಣಂತಿ ಕೂತಿದ್ದಳು. ಅವಳನ್ನು ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. 'ಹಳೇದೋ ಹೊಸದೋ ನನಗೆ ಗೊತ್ತಿಲ್ಲ,' ಎಂದಳು ಅವಳು. 'ಉಸಿರಾಡ್ತಿದೆ.'

ದಾದಿ ಪೆಟ್ಟಿಗೆಯ ಗಾಜು ಒರೆಸತೊಡಗಿದಳು. ಅಚ್ಚಿನವಳು ಅಲ್ಲಿ ಮಂಡಕ್ಕಿ ಎರಚಲಿಲ್ಲ. ಚಟ್ಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದಳು.

ಒಂಬತ್ತನೆಯ ದಿನ ಮಧ್ಯಾಹ್ನದ ಹೊತ್ತಿಗೇ ಚೌಕ ತುಂಬಿತ್ತು. ಒಡೆಯುವುದನ್ನು ನೋಡಲು ಜನ ಬೇಗ ಬಂದು ಜಾಗ ಹಿಡಿಯುತ್ತಾರೆ. ಅಚ್ಚಿನವಳು ಗಾಜಿನ ಅಚ್ಚನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಕಲ್ಲಿನ ಮೇಲೆ ಇಟ್ಟಳು. ಪಕ್ಕದಲ್ಲಿ ಚಟ್ಟ ಇಟ್ಟಳು. ಸಾರುವವನು ಸುತ್ತಿಗೆಯನ್ನು ಅವಳ ಕಡೆಗೆ ಚಾಚಿದ.

'ಹಿಡ್ಕೊಳಮ್ಮ. ಸಂಜೆಯ ಗಂಟೆ ಆಗಲಿ.'

'ಹಿಡಿಯೋಣ ಸ್ವಾಮಿ. ಮೊದಲು ಹೆಣ ಸಿಗಲಿ. ಊರೆಲ್ಲ ಹುಡುಕಿದೆ, ಒಂದೂ ಸಿಗಲಿಲ್ಲ. ಒಂದು ಮನೆ ಬಾಕಿ ಇದೆ.'

'ಯಾವುದು?'

ಅವಳು ಮೇಲೆ ತೋರಿಸಿದಳು. ಚೌಕದ ಮೇಲೆ ಗಂಟೆಯ ಗೋಪುರ. ದಿನಕ್ಕೆ ನಾಲ್ಕು ಸಲ ತಾನಾಗಿ ಬಡಿಯುವ ಗಂಟೆ. ಊರು ಏಳುವುದು, ಉಣ್ಣುವುದು, ಅಂಗಡಿ ಮುಚ್ಚುವುದು, ಸಾವು ಸಾರುವುದು, ಎಲ್ಲ ಅದರ ಲೆಕ್ಕದಲ್ಲಿ.

ಸಾರುವವನು ನಕ್ಕ. 'ಗೋಪುರದಲ್ಲಿ ಹಳೇದಾ? ಸಾರಿದ ದಿನವೇ ಅಲ್ಲಿ ಹೊಸದು ಕೂತಾಯ್ತು. ನಾನೇ ಕೂರಿಸಿದ್ದು.'

'ಹಾಗಿದ್ದರೆ ನೋಡಿ ಬಂದರೆ ತಪ್ಪೇನು? ಅಲ್ಲೂ ಹಾವಿದೆಯಾ?'

ಜನರ ನಡುವೆ ಯಾರೋ ಕಿಸಕ್ಕೆಂದರು. ನೀರುಗಂಟಿ ತಲೆ ತಗ್ಗಿಸಿದ. ಇಷ್ಟು ಕಣ್ಣುಗಳ ಮುಂದೆ ಬೇಡ ಎನ್ನುವುದು ಸಾರುವವನಿಗೆ ಸಾಧ್ಯವಿರಲಿಲ್ಲ. ಈ ಮುದುಕಿ ಅಷ್ಟು ಮೆಟ್ಟಿಲು ಹತ್ತಲಾರಳು ಎಂದೂ ಅನಿಸಿರಬೇಕು. 'ಹೋಗು, ನೋಡಿಕೋ,' ಎಂದ.

ಅವಳು ಹತ್ತಿದಳು. ಮೊಣಕಾಲು ಹಿಡಿದುಕೊಂಡು, ಮೂರು ಕಡೆ ಕೂತು, ಹತ್ತಿದಳು. ಗಂಟೆಯ ಕೆಳಗೆ ಒಂದು ತಗಡಿನ ಡಬ್ಬಿ. ಡಬ್ಬಿಯ ಬಾಯಿ ತೆಗೆದಳು. ನಲವತ್ತು ಕಾಲಿನ ಬಿಲ್ಲೆ ಅಲ್ಲಿತ್ತು, ಬೆನ್ನ ಮೇಲೆ ಹೋದ ವರ್ಷದ ಗುರುತು. ಅವಳು ಬಗ್ಗಿ ಅದನ್ನು ನೋಡಿದಳು. ಅದು ಎಣಿಸುತ್ತಿತ್ತು. ತನ್ನ ಅಚ್ಚು ಒಡೆಯಬೇಕಾದ ಗಳಿಗೆಯನ್ನು ಅದು ಒಂದೂ ತಪ್ಪದೆ, ಯಾರ ಮೇಲೂ ಮುನಿಸಿಲ್ಲದೆ ಎಣಿಸುತ್ತಿತ್ತು. ಅವಳಿಗೆ ಅದರ ಮೇಲೂ ಒಂದಿಷ್ಟು ಸಿಟ್ಟು ಬಂತು. ಇಷ್ಟೊಂದು ಒಳ್ಳೆಯತನ ಒಳ್ಳೆಯದಲ್ಲ ಎಂದುಕೊಂಡು ಎರಡು ಬೆರಳಿನಿಂದ ಕಿತ್ತಳು.

ಕೆಳಗೆ ಬಂದು ಅದನ್ನು ಚಟ್ಟದ ಮೇಲೆ ಮಲಗಿಸಿದಳು. ಅಳತೆ ಸರಿಯಾಗಿತ್ತು.

'ಹೆಣ ಸಿಕ್ಕಿತು,' ಎಂದಳು. 'ಇನ್ನು ಗಂಟೆ ಆಗಲಿ. ಒಡೀತೀನಿ.'

ಜನ ಗೋಪುರ ನೋಡಿದರು, ಚಟ್ಟ ನೋಡಿದರು, ಸಾರುವವನನ್ನು ನೋಡಿದರು. ಅವನು ಹೊಸದರ ಮಂದಿರದ ಇಬ್ಬರು ಆಳುಗಳಿಗೆ ಕಣ್ಣು ಮಾಡಿದ. ಅವರು ಸಾವಿರ ಕಾಲಿನ ಬಿಲ್ಲೆಯೊಂದನ್ನು ತಟ್ಟೆಯಲ್ಲಿ ಇಟ್ಟುಕೊಂಡು ಗೋಪುರ ಹತ್ತಿದರು. ಡಬ್ಬಿಯಲ್ಲಿ ತೂತುಗಳು ನಲವತ್ತು. ಮೇಲಿನಿಂದ ತಂತಿ ಎಳೆಯುವ ಸದ್ದು, ಸುತ್ತಿಗೆಯ ಸದ್ದು, ಬೈಗುಳದ ಸದ್ದು ಬಂತು.

ಆಮೇಲೆ ಗಂಟೆ ಬಡಿಯಿತು.

ಬಡಿಯಿತು, ಬಡಿಯಿತು, ನಿಲ್ಲಲೇ ಇಲ್ಲ. ಹೊಸದು ಬಹಳ ಚುರುಕು. ದಿನವೆಲ್ಲ ಎಣಿಸಬೇಕಾದ್ದನ್ನು ಅದು ಒಂದು ಸೀನಿನಷ್ಟು ಹೊತ್ತಿನಲ್ಲಿ ಎಣಿಸಿ ಮುಗಿಸುತ್ತಿತ್ತು. ಬೆಳಗಿನ ಗಂಟೆ, ಮಧ್ಯಾಹ್ನದ ಗಂಟೆ, ಸಂಜೆಯ ಗಂಟೆ, ಮತ್ತೆ ಬೆಳಗು, ಮತ್ತೆ ಸಂಜೆ. ಪಾರಿವಾಳಗಳು ಗೋಪುರ ಬಿಟ್ಟು ಹಾರಿದವು.

'ಸಂಜೆಯ ಗಂಟೆ ಆಯಿತು,' ಎಂದು ಸಾರುವವನು ದನಿಯೆತ್ತಿದ. 'ಒಂಬತ್ತನೆಯ ದಿನ ಮುಗಿಯಿತು. ಒಡೆ.'

ಜನ ತಲೆಯೆತ್ತಿ ನೋಡಿದರು. ಸೂರ್ಯ ಇನ್ನೂ ಗೋಪುರದ ಹೆಗಲ ಮೇಲಿದ್ದ. ನೆರಳು ಮೊಳದುದ್ದವೂ ಆಗಿರಲಿಲ್ಲ.

'ಒಂಬತ್ತಲ್ಲ ಸ್ವಾಮಿ,' ಎಂದಿತು ಒಂದು ದನಿ. 'ನಾನು ಎಣಿಸ್ತಾ ಇದ್ದೀನಿ. ಈಗ ಎಂಬತ್ತನೇ ದಿನ.'

'ನನ್ನ ಮಗಳ ಮದುವೆ ಈಗಾಗಲೇ ಮುಗಿದು, ಬಾಣಂತನಕ್ಕೆ ಬಂದಿರಬೇಕು,' ಎಂದ ನೀರುಗಂಟಿ. ಯಾಕೆ ಹೇಳಿದೆ ಎಂದು ಅವನಿಗೇ ತಿಳಿಯಲಿಲ್ಲ.

ಚೌಕ ನಕ್ಕಿತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಎಷ್ಟೋ ವರ್ಷ ಮೂಗು ಮುಚ್ಚಿಕೊಂಡಿದ್ದ ಊರು ಬಾಯಿ ತೆರೆಯಿತು. ನಗುವ ಬಾಯಿಗೆ ನಾಚಿಕೆ ಇರುವುದಿಲ್ಲ. ಅಚ್ಚಿನವಳು ಮಾತ್ರ ನಗಲಿಲ್ಲ. ಅವಳು ಕಾಯುತ್ತಿದ್ದಳು. ಬಿಲ್ಲೆಯ ಜೊತೆ ನಲವತ್ತೆಂಟು ವರ್ಷ ಬಾಳಿ ಅವಳು ಕಲಿತದ್ದು ಅದನ್ನೇ.

ನಗು ಇಳಿಯುವಷ್ಟರಲ್ಲಿ ದಾದಿ ಜನರನ್ನು ಸರಿಸಿಕೊಂಡು ಬಂದಳು. ಗಂಟೆ ಕೇಳಿ ಓಡಿ ಬಂದಿದ್ದಳು, ಉಸಿರು ಹಿಡಿಯುತ್ತಿರಲಿಲ್ಲ. ಹಿಂದೆ ಆ ಬಾಣಂತಿ, ತಲೆಗೆ ಬಟ್ಟೆ ಸುತ್ತಿಕೊಂಡು. ದಾದಿ ಕಲ್ಲಿನ ಮುಂದೆ ನಿಂತಳು. ಅಚ್ಚಿನವಳನ್ನಾಗಲಿ ಸಾರುವವನನ್ನಾಗಲಿ ನೋಡಲಿಲ್ಲ. ಊರನ್ನು ನೋಡಿದಳು.

'ನನ್ನ ಹತ್ತಿರ ಅದು ಇದೆ,' ಎಂದಳು. 'ಇಲ್ಲಿ ನಿಂತಿರೋರಲ್ಲಿ ಹನ್ನೆರಡು ಜನ ಅದರ ಉಸಿರು ಕುಡಿದೇ ಬದುಕಿದ್ದೀರಿ. ಹೆಸರು ಹೇಳಲಾ? ನನಗೆ ಅದು ಬೇಕು.'

ಆ ಕಲ್ಲು ಈ ಮಾತನ್ನು ಮೊದಲ ಬಾರಿಗೆ ಕೇಳಿತು. ಏನೂ ಆಗಲಿಲ್ಲ. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಹನ್ನೆರಡರಲ್ಲಿ ತಾನೂ ಒಬ್ಬನೇನೋ ಎಂದು ಎಲ್ಲರೂ ಎದೆ ಮುಟ್ಟಿಕೊಳ್ಳುತ್ತಿದ್ದರು.

'ನನ್ನ ತೂಬಿನಲ್ಲಿ ಅದು ಇದೆ,' ಎಂದ ನೀರುಗಂಟಿ. 'ಹಾವು ಇಲ್ಲ. ನನಗೆ ಅದು ಬೇಕು.'

ಗಿರಣಿಯವನು ಬಂದ. ಕೋಟೆ ಬಾಗಿಲಿನವನು ಬಂದ. ಹಾಲಿನವಳು ಬಂದಳು. ಇದೆ, ಬೇಕು. ಇದೆ, ಬೇಕು. ನೆಂಟರಿಗೆ ಎಂದು ಇಪ್ಪತ್ತು ಒಯ್ದವರು ಹತ್ತೊಂಬತ್ತನ್ನು ತಂದು ದಾದಿಯ ಸೆರಗಿಗೆ ಹಾಕಿದರು. ತಾನಾಗಿಯೇ ಸಾಲು ಬೆಳೆಯಿತು. ತಕ್ಕಡಿಯವನು ಸಾಲಿನ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರಿಗೂ ಒಂದೊಂದು ಏಟು ತಮಟೆ ಬಡಿದ. ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಎರಡು ವರ್ಷ ತಡವಾಗಿ ಬರುತ್ತಿತ್ತು.

ಗೋಪುರದ ಮೇಲೆ ಗಂಟೆ ಇನ್ನೂ ಹುಚ್ಚು ಹಿಡಿದ ಹಾಗೆ ಬಡಿಯುತ್ತಲೇ ಇತ್ತು. ಆಳುಗಳು ಕೊನೆಗೆ ಹೊಸದನ್ನು ಕಿತ್ತು ಎಸೆದರು. ಈಗ ಸದ್ದೇ ಇಲ್ಲ. ಅಂಗಡಿಯವರಿಗೆ ಯಾವಾಗ ಮುಚ್ಚಬೇಕೆಂದು ತಿಳಿಯಲಿಲ್ಲ.

ಸಾರುವವನು ಮೆಲ್ಲಗೆ ಅಚ್ಚಿನವಳ ಪಕ್ಕಕ್ಕೆ ಬಂದ. ಜನರ ಕಡೆಗೆ ನೋಡುತ್ತಲೇ, ತುಟಿ ಅಲ್ಲಾಡಿಸದೆ, ಶಾಲಿನ ಅಡಿಯಿಂದ ಒಂದು ಕೈ ಚಾಚಿದ. ಅಂಗೈ ಮೇಲಾಗಿ. ಮೆತ್ತನೆಯ ಕೈ, ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ಜಡ್ಡು.

ಅಚ್ಚಿನವಳು ಆ ಕೈಯ ಮಣಿಕಟ್ಟು ಹಿಡಿದಳು. ಶಾಲಿನಿಂದ ಹೊರಗೆ ಎಳೆದು, ಬೆಳಕಿಗೆ ಎತ್ತಿ ಹಿಡಿದಳು.

'ಇದು ನನಗೆ ಗುರುತಿನ ಕೈ,' ಎಂದಳು, ಎಲ್ಲರಿಗೂ ಕೇಳುವಂತೆ. 'ವರ್ಷ ವರ್ಷ ನನ್ನ ಹಿತ್ತಲಿಗೆ ಬರುತ್ತೆ. ಇಲ್ಲಿ ಕಿಟಕಿ ಇಲ್ಲ ಸ್ವಾಮಿ. ಬಾಯಲ್ಲಿ ಕೇಳಿ.'

'ಬಿಲ್ಲೆ ಕೊಡು. ಊರಿಗೆ ಹೊತ್ತು ಗೊತ್ತಾಗೋದು ಬೇಡವಾ?'

'ಊರಿಗಲ್ಲ. ಕೇಳೋರು ತಮಗೆ ಅಂತ ಕೇಳಬೇಕು. ನೀವೇ ಸಾರಿದ ಕಟ್ಟಳೆ.' ಅವಳು ಸಾಲಿನ ತುದಿ ತೋರಿಸಿದಳು. 'ಅಲ್ಲಿ ನಿಲ್ಲಿ. ಹಾಲಿನವಳ ಅತ್ತೆ ಆದ ಮೇಲೆ ನಿಮ್ಮದು.'

ಅವನು ನಿಲ್ಲಲಿಲ್ಲ. ಕಲ್ಲಿನ ಮೇಲೆ ಹತ್ತಿ ನಗಾರಿಗೆ ಮೂರು ಏಟು ಹಾಕಿದ. ಯಾರೂ ತಿರುಗಲಿಲ್ಲ. ಸಾಲು ಮುಂದೆ ಸರಿಯಿತು. ಮತ್ತೆ ಮೂರು ಏಟು. ಸಾಲು ಇನ್ನೊಂದು ಹೆಜ್ಜೆ ಸರಿಯಿತು. ನೆರಳು ಉದ್ದವಾಯಿತು, ಚೌಕ ದಾಟಿತು. ಗೋಪುರ ಕೆಂಪಗಾಯಿತು, ಬೂದಿಯಾಯಿತು. ಸೂರ್ಯ ಹೋದ. ಗಂಟೆಯಿಲ್ಲದೆ ಹೋದ. ಆಗ ಸಾರುವವನು ಕಲ್ಲಿನಿಂದ ಇಳಿದು ಸಾಲಿನ ಕೊನೆಗೆ ಹೋಗಿ ನಿಂತ.

ಅವನ ಸರದಿ ಬಂದಾಗ ದೀಪ ಹಚ್ಚುವ ಹೊತ್ತು ದಾಟಿತ್ತು. ಜನ ಕದಲಿರಲಿಲ್ಲ.

'ನನ್ನ ಹತ್ತಿರ ಅದು ಇತ್ತು,' ಎಂದ.

ಅಚ್ಚಿನವಳು ಚಟ್ಟದ ಮೇಲಿನ ಬಿಲ್ಲೆಗೆ ಅಂಗೈ ಅಡ್ಡ ಇಟ್ಟಳು.

'ಇದೆ,' ಎಂದ ಅವನು. 'ನನಗೆ ಬೇಕು.'

ಅವಳು ಚಟ್ಟದ ಮೇಲಿಂದ ಬಿಲ್ಲೆ ಎತ್ತಿ, ಬಟ್ಟೆ ಸುತ್ತದೆ, ಬರಿಯ ಅಂಗೈ ಮೇಲೆ ಇಟ್ಟಳು. ಅವನೇ ಗೋಪುರ ಹತ್ತಿ ಕೂರಿಸಬೇಕಾಯಿತು. ಆ ಊರಿನಲ್ಲಿ ಆವತ್ತು ಹೊತ್ತು ಮುಳುಗಿದ ಗಂಟೆ ಕತ್ತಲಾದ ಮೇಲೆ ಬಡಿಯಿತು. ಒಂದೇ ಸಲ ಬಡಿದು, ನಿಂತು, ಕಾಯತೊಡಗಿತು. ಆ ಗಂಟೆಗೆ ಯಾರೂ ಏನನ್ನೂ ಒಡೆಯಲಿಲ್ಲ.

ಬೆಳಗ್ಗೆ ಅಚ್ಚಿನವಳು ಚಟ್ಟವನ್ನು ಬಿಚ್ಚಿ ಕುಲುಮೆಗೆ ಹಾಕಿದಳು. ಹಸಿ ಬಿದಿರು ಐದು ದಿನಕ್ಕೆ ಒಣಗಿತ್ತು, ಚೆನ್ನಾಗಿ ಹತ್ತಿಕೊಂಡಿತು. ಮರಳು ಕರಗಲು ಇಟ್ಟಳು. ತಕ್ಕಡಿಯವನು ಕಸಬರಿಗೆ ಬಿಸಾಕಿ ಬಂದು, ಒಡೆದ ಅಚ್ಚಿನ ಚೂರುಗಳನ್ನು ನೆಲದ ಮೇಲೆ ಹರಡಿ ಜೋಡಿಸುತ್ತ ಕೂತಿದ್ದ. ಎರಡು ವರ್ಷ ಅವನ್ನು ಗಂಟು ಕಟ್ಟಿ ಇಟ್ಟಿದ್ದನಂತೆ. ಮುಂದಿನ ವರ್ಷ ಮತ್ತೆ ಸಾರುತ್ತಾರೆ ಅಕ್ಕ, ಎಂದ. ಸಾರಲಿ, ಎಂದಳು ಅವಳು. ಬಿದಿರು ಬೆಳೆಯುತ್ತಲೇ ಇರುತ್ತೆ.

ಹಿಂದಿನ ಕಿಟಕಿಯನ್ನು ಯಾರೋ ಮೆಲ್ಲಗೆ ಕೆರೆದರು. ಅವಳು ಏಳಲಿಲ್ಲ. ಮತ್ತೆ ಕೆರೆದರು.

'ಹಿತ್ತಲು ಮುಚ್ಚಿದೆ,' ಎಂದಳು ಅಚ್ಚಿನವಳು, ಕುಲುಮೆಯಿಂದ ಕಣ್ಣು ತೆಗೆಯದೆ. 'ಮುಂದಿನ ಬಾಗಿಲಿಗೆ ಬಾ.'